ಬೂರ್ಸೊಲಾಕ್ ಮನೆತನದ ನಾಲಿಗೆ

ದ್ವಾರಕನಾಥ ಬೆಳ್ಳಿಯ ಪೀಕದಾನಿಯನ್ನು ಉಜ್ಜುತ್ತಿದ್ದರು. ಮೊದಲು ಬೂದು ಬಣ್ಣದ ಪುಡಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮೇಜಿನ ಈಚೆ ಬದಿಯಲ್ಲಿ ಮೈತ್ರೇಯಿ ಗಾಜಿನ ಲೋಟಗಳನ್ನು ದೀಪಕ್ಕೆ ಹಿಡಿದು, ಬೆರಳಿನ ಗುರುತು ಕಂಡರೆ ಒರೆಸಿ, ಸಾಲಾಗಿ ಇಡುತ್ತಿದ್ದಳು. ಸಿಂಗಪುರದ ಪಾಯಾ ಲೆಬಾರ್‌ನ ಆ ಕಟ್ಟಡದ ಮೇಲಿನ ಮಹಡಿಗೆ ಕಿಟಕಿ ಎಂಬುದೇ ಇರಲಿಲ್ಲ. ಹೊರಗೆ ಬಿಸಿಲು ರಸ್ತೆಯನ್ನು ಸುಡುತ್ತಿದ್ದರೂ ಒಳಗೆ ಯಾವಾಗಲೂ ನೆಲಮಾಳಿಗೆಯ ಕತ್ತಲೆ, ನೆಲಮಾಳಿಗೆಯ ಚಳಿ. ಗೋಡೆಯಾಚೆ ವೈನ್ ದಾಸ್ತಾನಿನ ತಂಪುಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಮರದ ಪೆಟ್ಟಿಗೆ, ಒದ್ದೆ ರಟ್ಟು, ಹಳೆಯ ಬಿರಡೆ. ಇವುಗಳ ಅಡಿಯಲ್ಲಿ ಇನ್ನೊಂದು ವಾಸನೆ ಇದೆ ಎಂದು ಮೈತ್ರೇಯಿಯ ಮೂಗು ಬಂದ ದಿನದಿಂದ ಹೇಳುತ್ತಿತ್ತು. ಬಹಳ ಹೊತ್ತು ಮುಚ್ಚಿಟ್ಟ ಬಾಯಿಯ ವಾಸನೆ.

ಬೂರ್ಸೊಲಾಕ್ ಎಂಬುದು ಫ್ರಾನ್ಸಿನ ಬೋರ್ಡೋದಲ್ಲಿ ತಲೆಮಾರುಗಳಿಂದ ವೈನ್ ವ್ಯಾಪಾರ ಮಾಡುತ್ತ ಬಂದ ಮನೆತನ. ಏಷ್ಯಾದ ವ್ಯವಹಾರವನ್ನೆಲ್ಲ ಈಗ ಸಿಂಗಪುರದಿಂದಲೇ ನಡೆಸುತ್ತಿದ್ದರು. ಯಾವ ವೈನ್ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ರುಚಿ ನೋಡಿ ಹೇಳುವ ಹುದ್ದೆಗೆ ಮೈತ್ರೇಯಿಯನ್ನು ಹೊಸದಾಗಿ ಆರಿಸಿದ್ದರು. ಬಹಳ ಹಿಂದೆ ಅದೇ ಹುದ್ದೆಗೆಂದು ಬಂದವರು ದ್ವಾರಕನಾಥ. ಉಡುಪಿ ಕಡೆಯವರು. ಬಂದ ಸ್ವಲ್ಪ ದಿನಕ್ಕೇ ನಾಲಿಗೆ ಕೆಟ್ಟಿತಂತೆ. ಆದರೂ ಮನೆತನದವರು ಕೆಲಸದಿಂದ ತೆಗೆಯಲಿಲ್ಲ. ಈಗ ಪಾತ್ರೆ ಉಜ್ಜುತ್ತಾರೆ.

“ಮೈತ್ರೇಯಿ,” ಎಂದರು ಅವರು, ಕೈ ನಿಲ್ಲಿಸದೆ. “ಮದಾಮ್ ಬರುವ ಮೊದಲು ಒಂದು ಮಾತು ಉಂಟು.”

“ಹೇಳಿ ಅಂಕಲ್.”

“ಇವತ್ತು ನಿಮಗೆ ವೈನ್ ಕೊಡ್ತಾರೆ. ರುಚಿ ನೋಡಿ. ಬೇಕಾದ್ರೆ ನುಂಗಿ. ಬೇಡದಿದ್ರೆ ಆ ಸಿಂಕಿಗೆ ಹೋಗಿ ಉಗೀರಿ. ಇದಕ್ಕೆ ಮಾತ್ರ ಉಗೀಬೇಡಿ.”

“ಯಾಕೆ, ಆಂಟೀಕ್ ಪೀಸಾ?”

“ಇದಕ್ಕೆ ಉಗಿದ್ರೆ ನಿಮ್ಮ ನಾಲಿಗೆ ಅವರದ್ದಾಗ್ತದೆ.”

ಮೈತ್ರೇಯಿ ಲೋಟ ಕೆಳಗಿಟ್ಟು ಅವರ ಮುಖ ನೋಡಿದಳು. ಅಲ್ಲಿ ತಮಾಷೆ ಇರಲಿಲ್ಲ.

“ಮಾಟಾನಾ?”

“ಮಾಟವೇ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಅಂಕಲ್, ನನ್ನ ಎಂಜಲಿಗೆ ಇಷ್ಟು ಡಿಮ್ಯಾಂಡ್ ಇದೆ ಅಂತ ಗೊತ್ತಿದ್ದಿದ್ರೆ ಮೈಸೂರಲ್ಲೇ ಬಾಟಲ್ ಮಾಡಿ ಮಾರ್ತಿದ್ದೆ!”

“ನಾನು ಹೇಳಿದ್ದು ಕೇಳಿಸಿತಲ್ಲ?”

“ಕೇಳಿಸ್ತು.”

“ಅರ್ಥ ಆಯ್ತಲ್ಲ?”

“ಆಯ್ತು, ಉಗಿದ್ರೆ ನಾಲಿಗೆ ಹೋಗತ್ತೆ. ಇದ್ರ ಮೇಲೆ ಎಕ್ಸಾಮ್ ಏನಾದ್ರೂ ಇದ್ಯಾ?”

ದ್ವಾರಕನಾಥ ಬಟ್ಟೆ ಮಡಚಿಟ್ಟರು. ಕಣ್ಣು ಮುಚ್ಚಿ ಉದ್ದವಾಗಿ ಉಸಿರು ಬಿಟ್ಟರು. ಬೇಜಾರಾಯಿತೇನೋ ಅಂದುಕೊಂಡಳು. ಮರುಕ್ಷಣವೇ ಅವಳಿಗೆ ಇನ್ನೊಂದು ಅನ್ನಿಸಿತು. ತಾನು ಕೂರಬೇಕಾಗಿದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂತಾಗ ಯಾರಿಗಾದರೂ ಹೊಟ್ಟೆ ಉರಿಯದಿರುತ್ತದೆಯೇ?

ಎಂಜಲು ಎಂಬ ಮಾತು ಕೇಳಿದರೇ ಅವಳಿಗೆ ರೇಗುತ್ತಿತ್ತು. ಮೈಸೂರಿನ ಮನೆಯಲ್ಲಿ ಅಜ್ಜಿ ಲೋಟವನ್ನು ತುಟಿಗೆ ತಾಗಿಸಲು ಬಿಡುತ್ತಿರಲಿಲ್ಲ. ನೀರನ್ನು ಎತ್ತಿ ಸುರಿದುಕೊಳ್ಳಬೇಕು. ಹಲ್ಲುಜ್ಜಿ ಉಗಿದ ಜಾಗಕ್ಕೆ ಎರಡು ಚೊಂಬು ನೀರು ಹಾಕಬೇಕು. ಉಗುರು, ಕೂದಲು, ಉಗುಳು ಕಂಡವರ ಕೈಗೆ ಸಿಗಬಾರದು. ವೈನ್ ಕಲಿಯಲು ಹೋದ ಮೊದಲ ದಿನ, ಬಾಯಲ್ಲಿದ್ದುದನ್ನು ಎಲ್ಲರೆದುರು ಉಗಿಯಬೇಕಾದಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ನೀರು ಉಗಿದು ಉಗಿದು ಕಲಿತಳು. ಈಗ ತುಟಿ ಒದ್ದೆಯಾಗದಂತೆ, ಒಂದೇ ಗೆರೆಯಾಗಿ ಉಗಿಯಬಲ್ಲಳು. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಮದಾಮ್ ಒಡೆಟ್ ಊರುಗೋಲು ಊರುತ್ತ ಬಂದರು. ಮನೆತನದ ಹಿರಿಯಾಕೆ. ಹಿಂದೆ ಅವರ ಮೊಮ್ಮಗ ಲುಸಿಯಾನ್, ಬೆಳ್ಳಗೆ, ಉದ್ದಕ್ಕೆ, ಸದಾ ಏನನ್ನೋ ಅಗಿಯುತ್ತಿದ್ದ. ಬಾಟಲಿಯ ಬಿರಡೆಯ ಚೂರು ಅದು ಎಂದು ಮೈತ್ರೇಯಿ ಆಗಲೇ ಗಮನಿಸಿದ್ದಳು. ಅವನ ತಂದೆ ತೀರಿಕೊಂಡ ಮೇಲೆ ಮನೆತನದ ಯಜಮಾನಿಕೆ ಅವನಿಗೆ ಬಂದಿತ್ತು.

“ಮೊದಲು ನಮ್ಮ ಕತೆ ಕೇಳು,” ಎಂದು ಮದಾಮ್ ಇಂಗ್ಲಿಷಿನಲ್ಲಿ ಹೇಳಿ, ಅವಳನ್ನು ಓಣಿಯಂತಿದ್ದ ಒಂದು ಉದ್ದನೆಯ ಕೋಣೆಗೆ ಕರೆದೊಯ್ದರು. ಗೋಡೆಯ ತುಂಬ ಚಿತ್ರಗಳು. ಮೊದಲಿನವು ಬಣ್ಣದಲ್ಲಿ ಬರೆದವು, ಆಮೇಲಿನವು ಫೋಟೋಗಳು. “ದ್ರಾಕ್ಷಿ ಬೆಳೆಯುವವರು ಬೇರೆ, ನಾವು ಬೇರೆ. ನಾವು ರುಚಿ ನೋಡಿ ಕೊಳ್ಳುವವರು. ಬೆರೆಸಿ, ಮಾಗಿಸಿ, ಮಾರುವವರು. ನಮ್ಮ ಆಸ್ತಿ ಭೂಮಿಯಲ್ಲ. ನಾಲಿಗೆ.”

ಮೊದಲ ಚಿತ್ರದಲ್ಲಿ ದಪ್ಪ ಕೆನ್ನೆಯ ಒಬ್ಬ ಕುಳಿತಿದ್ದ. ಅವನ ಹಿಂದೆ ಚರ್ಮದ ಏಪ್ರನ್ ತೊಟ್ಟ ಇನ್ನೊಬ್ಬ ನಿಂತಿದ್ದ.

“ಕುಳಿತವನು ಎದ್ಮೊಂ. ಈ ಮನೆ ಕಟ್ಟಿದವನು. ನಿಂತವನು ಅವನ ನೆಲಮಾಳಿಗೆಯ ಆಳು. ಅವನ ನಾಲಿಗೆಯಿಂದಲೇ ನಾವು ಬೆಳೆದೆವು. ಒಂದು ವರ್ಷ ಪೀಪಾಯಿಗಳೆಲ್ಲ ಹುಳಿಯಾದವು. ತಪ್ಪು ಎದ್ಮೊಂನದು. ಹೊರಗೆ ಹಾಕಿಸಿಕೊಂಡವನು ಆಳು. ಅವನು ಚಳಿಗೆ ಸತ್ತ. ಅವನ ತಾಯಿ ನಮ್ಮ ಹೊಸ್ತಿಲಿಗೆ ಬಂದು ಉಗಿದಳು. ಈ ಮನೆಯಲ್ಲಿ ಹುಟ್ಟಿದ ನಾಲಿಗೆಗಳೆಲ್ಲ ಮರವಾಗಲಿ ಅಂದಳು.”

“ಆಮೇಲೆ? ಮರವಾಯಿತಾ?” ಮೈತ್ರೇಯಿಗೆ ಖುಷಿಯಾಗಿತ್ತು. ಹಳೆಯ ಮನೆತನಗಳು ಗಿರಾಕಿಗಳಿಗೆ ಇಂಥ ಕತೆಗಳನ್ನು ಇಟ್ಟುಕೊಂಡಿರುತ್ತವೆ. ಒಂದು ಒಳ್ಳೆಯ ಶಾಪ ಇದ್ದರೆ ಬಾಟಲಿಯ ಬೆಲೆಯೇ ಬೇರೆ.

“ಆಯಿತು.”

“ಮತ್ತೆ ವ್ಯಾಪಾರ ಹೇಗೆ ನಡೆಯಿತು?”

“ಎದ್ಮೊಂನ ಮಗ ಹಡಗಿನಲ್ಲಿ ವೈನ್ ತುಂಬಿಕೊಂಡು ನಿಮ್ಮ ಕಡಲತೀರಕ್ಕೆ, ಆಗ ಫ್ರೆಂಚರ ಕೈಯಲ್ಲಿದ್ದ ಮಾಹೆ ಬಂದರಿಗೆ ಹೋಗಿದ್ದ. ಅಲ್ಲೊಬ್ಬ ಮಂತ್ರವಾದಿ ಅವನಿಗೆ ಈ ಪಾತ್ರೆ ಕೊಟ್ಟ. ಹೇಗೆ ಬಳಸಬೇಕೆಂದು ಕಲಿಸಿದ. ಅಂದಿನಿಂದ ನಮಗೆ ನಾಲಿಗೆಯ ಕೊರತೆ ಬಂದಿಲ್ಲ.”

ಗೋಡೆಯುದ್ದಕ್ಕೂ ಅದೇ ಜೋಡಿ. ಒಬ್ಬರು ಕುಳಿತಿದ್ದಾರೆ, ಒಬ್ಬರು ನಿಂತಿದ್ದಾರೆ. ಕುಳಿತವರ ಮುಖ ತುಂಬಿಕೊಂಡಿದೆ, ತುಟಿ ಕೆಂಪಾಗಿದೆ. ನಿಂತವರೆಲ್ಲ ಬಾಯಿ ಬಿಗಿದಿದ್ದಾರೆ. ಕೊನೆಯ ಫೋಟೋದಲ್ಲಿ ಲುಸಿಯಾನ್‌ನ ತಂದೆ ಕುಳಿತಿದ್ದ. ಹಿಂದೆ, ಕಪ್ಪು ತಲೆಗೂದಲಿನ ದ್ವಾರಕನಾಥ. ಅದರಾಚೆ ಗೋಡೆಗೆ ಒಂದು ಬರಿ ಮೊಳೆ ಹೊಡೆದಿತ್ತು.

“ಈ ಮೊಳೆ ನನಗಾ?” ಎಂದು ಮೈತ್ರೇಯಿ ನಕ್ಕು ಕೇಳಿದಳು.

“ನಿನಗೇ,” ಎಂದರು ಮದಾಮ್. ಅವರೂ ನಕ್ಕರು.

ಮೊದಲಿನ ಕೋಣೆಗೆ ಮರಳಿದ ಮೇಲೆ ಮದಾಮ್ ವೈನ್ ಸುರಿದರು. ಅವಳು ಲೋಟವನ್ನು ಓರೆ ಮಾಡಿ, ತಿರುಗಿಸಿ, ಮೂಗಿಗೆ ಹಿಡಿದಳು. ಕಪ್ಪು ಹಣ್ಣು. ತಂಬಾಕಿನ ಎಲೆ. ಪೆನ್ಸಿಲ್ ಹೆರೆದಾಗ ಬೀಳುವ ಮರದ ಸಿಪ್ಪೆ. ಬಾಯಿಗೆ ಹಾಕಿಕೊಂಡಾಗ ಇವೆಲ್ಲದರ ಹಿಂದಿನಿಂದ, ಗಂಟಲಿನ ಅಂಚಿನಲ್ಲಿ, ಅಪ್ಪನ ಕಾಫಿಪುಡಿ ಅಂಗಡಿ ಎದ್ದು ಬಂತು. ಹುರಿದ ಬೀಜ ಗಿರಣಿಯ ಬಾಯಿಗೆ ಬೀಳುತ್ತಿರುವ ಗಳಿಗೆ. ಅಪ್ಪ ಬದರೀನಾಥರ ಕೈ ಹಿಡಿದು ನಿಂತ ಪುಟ್ಟ ಹುಡುಗಿ, ಪುಡಿಯ ವಾಸನೆ ನೋಡಿಯೇ ಚಿಕೋರಿ ಎಷ್ಟು ಬಿದ್ದಿದೆ ಎಂದು ಹೇಳುತ್ತಿದ್ದಳು. ಈ ನಾಲಿಗೆ ಅವರು ಕೊಟ್ಟದ್ದು. ಅಂಗಡಿ ಹೋಯಿತು, ಅಪ್ಪ ಹೋದರು, ಇದೊಂದು ಉಳಿದಿತ್ತು. ಇದನ್ನು ಹಿಡಿದುಕೊಂಡೇ ಅವಳು ಇಲ್ಲಿಯವರೆಗೆ ಬಂದಿದ್ದಳು.

ಮೇಜಿನ ಮೇಲೆ ಪೀಕದಾನಿ. ಕೋಣೆಯ ಮೂಲೆಯಲ್ಲಿ ಸಿಂಕು. ದ್ವಾರಕನಾಥ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಮೈತ್ರೇಯಿ ಅವರತ್ತ ತಿರುಗಿ ಹುಬ್ಬು ಹಾರಿಸಿದಳು. ಬಗ್ಗಿದಳು. ಉಗಿದಳು.

ಬೆಳ್ಳಿಯ ತಳಕ್ಕೆ ತಾಗಿದ ಸದ್ದು ಬರಲಿಲ್ಲ. ಬಾವಿಗೆ ಹಾಕಿದಂತೆ, ತಡವಾಗಿ, ಬಹಳ ಕೆಳಗೆ ಎಲ್ಲೋ ಪಿಚ್ ಎಂದಿತು.

ಮದಾಮ್ ಕೂಡಲೇ ಪಾತ್ರೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದರು. ಲುಸಿಯಾನ್ ಅಗಿಯುವುದನ್ನು ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಬೆಡೋಕ್‌ನ ಫ್ಲ್ಯಾಟಿನಲ್ಲಿ ಅವಳು ಫಿಲ್ಟರಿಗೆ ಬಿಸಿನೀರು ಹೊಯ್ದು, ಡಿಕಾಕ್ಷನ್ ಇಳಿಯುವಾಗ ಏಳುವ ಆವಿಗೆ ಎಂದಿನಂತೆ ಮುಖ ಒಡ್ಡಿದಳು. ಕೆನ್ನೆ ಬೆಚ್ಚಗಾಯಿತು. ಅಷ್ಟೇ. ಕಾಫಿ ಬಾಯಿಗಿಟ್ಟಳು. ಬಿಸಿ ಇತ್ತು, ದಪ್ಪವಿತ್ತು. ಕಾಫಿ ಇರಲಿಲ್ಲ. ಸಕ್ಕರೆ ನೆಕ್ಕಿದಳು: ಮರಳು. ಉಪ್ಪು ನೆಕ್ಕಿದಳು: ಇನ್ನೂ ಸಣ್ಣ ಮರಳು. ಒಣಮೆಣಸಿನಕಾಯಿ ಕಚ್ಚಿದಳು. ನಾಲಿಗೆ ಸ್ವಲ್ಪ ಜುಮ್ಮೆಂದಿತು.

“ಕೋವಿಡ್ ಇರ್ಬೇಕು ಕಣೇ, ಟೆಸ್ಟ್ ಮಾಡ್ಕೋ,” ಎಂದ ಗಂಡ ನೀರಜ್, ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕುತ್ತ. ಮಾಡಿಕೊಂಡಳು. ಇರಲಿಲ್ಲ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು, ಮೂಗಿಗೆ ನಳಿಕೆ ಇಳಿಸಿ ನೋಡಿ, ಎಲ್ಲ ಸರಿಯಿದೆ, ಕಾದು ನೋಡಿ ಎಂದರು.

ಅಪ್ಪ ಹೋದ ಮೇಲೆ ಅವರ ಒಂದು ಅಂಗಿಯನ್ನು ಅವಳು ಒಗೆಯದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ನೀರಜ್‌ಗೂ ಹೇಳಿರಲಿಲ್ಲ. ಬೇಕೆನ್ನಿಸಿದಾಗ ಮುಚ್ಚಳ ಸ್ವಲ್ಪವೇ ಸರಿಸಿ, ಚಿಕೋರಿ ಮತ್ತು ಬೆವರು ಬೆರೆತ ಆ ವಾಸನೆಯನ್ನು ಒಂದು ಉಸಿರು ಎಳೆದು ಮತ್ತೆ ಮುಚ್ಚುತ್ತಿದ್ದಳು. ಆ ದಿನ ಅಂಗಿಯನ್ನು ಪೂರ್ತಿ ಹೊರಗೆ ತೆಗೆದು ಮುಖಕ್ಕೆ ಒತ್ತಿಕೊಂಡಳು. ಬರಿ ಬಟ್ಟೆ.

ಆಫೀಸಿನಲ್ಲಿ ಹೇಳಿಕೊಳ್ಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ದೇಶದಲ್ಲಿರಲು ಕೊಟ್ಟ ಪಾಸೂ ಹೋಗುತ್ತದೆ. ಬಾಟಲಿಯ ಚೀಟಿ ಓದಿ, ಬಣ್ಣ ನೋಡಿ, ಹಿಂದೆ ಕುಡಿದದ್ದನ್ನು ನೆನೆದು ಏನೋ ಒಂದು ಹೇಳುತ್ತಿದ್ದಳು. ಯಾರೂ ಅವಳನ್ನು ತಡೆದು ಕೇಳಲಿಲ್ಲ. ಅದೇ ಅವಳಿಗೆ ಸೋಜಿಗವಾಗಿತ್ತು. ಒಂದು ಮಧ್ಯಾಹ್ನ ಪ್ಯಾಂಟ್ರಿಯ ಬಾಗಿಲಲ್ಲಿ ನಿಂತು ಅವಳು ಲುಸಿಯಾನ್‌ನನ್ನು ನೋಡಿದಳು. ಕೆಳಗಿನ ಹಾಕರ್ ಸೆಂಟರಿನ ಊಟದಂಗಡಿಯಿಂದ ತಂದ ಚಿಕನ್ ರೈಸ್ ಪೊಟ್ಟಣ ಬಿಚ್ಚಿಕೊಂಡಿದ್ದ. ಕೆಂಪು ಮೆಣಸಿನ ಚಟ್ನಿ ಮಣಿಕಟ್ಟಿನವರೆಗೆ ಹರಿದಿತ್ತು. ತಿನ್ನುತ್ತ ಅಳುತ್ತಿದ್ದ. ಅಳುತ್ತಲೇ ಕೈ ನೆಕ್ಕುತ್ತಿದ್ದ. ಅವಳನ್ನು ಕಂಡು, ಬಾಯಿ ತುಂಬ ಅನ್ನ ಇಟ್ಟುಕೊಂಡೇ, ಬಹಳ ವಿನಯದಿಂದ ತಲೆ ಬಗ್ಗಿಸಿದ.

ಆಗಲೂ ಅವಳು ನಂಬಲಿಲ್ಲ. ನಂಬಿದ್ದರೆ ಮುಂದಿನದು ತಪ್ಪುತ್ತಿತ್ತೇನೋ.

ಶನಿವಾರ ನೀರಜ್ ಆಫೀಸಿಗೆ ಹೋಗಿದ್ದ. ಮೈತ್ರೇಯಿ ಅನ್ನ ಮಿದ್ದು, ಫ್ರಿಜ್ಜಿನ ಹಿಂದೆ ಉಳಿದಿದ್ದ ಮೊಸರು ಕಲಸಿ, ಮಗಳು ರಿಷಿಕಾಳ ಬಾಯಿಗೆ ತುತ್ತು ಇಟ್ಟಳು. ನಾಲ್ಕು ವರ್ಷದ ಹುಡುಗಿ ಮುಖ ತಿರುಗಿಸಿ, ಶಾಲೆಯಲ್ಲಿ ಕಲಿತ ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿತು.

“ಸ್ಟಿಂಕಿ ಲಾ, ಅಮ್ಮಾ.”

“ಏನೂ ಇಲ್ಲ, ತಿನ್ನು.”

“ನೋ ಲಾ! ವಾಸ್ನೆ!”

ಮೈತ್ರೇಯಿ ಒಂದು ತುತ್ತು ತಾನು ತಿಂದು ನೋಡಿದಳು. ತಣ್ಣಗಿತ್ತು. ಮೆತ್ತಗಿತ್ತು. “ನೋಡು, ನಾನೂ ತಿಂದೆ. ಚೆನ್ನಾಗೇ ಇದೆ. ಬಾಯಿ ತೆಗಿ.” ಮಗು ಅತ್ತಿತು. ಅವಳಿಗೆ ಸಿಟ್ಟು ಬಂತು. ಯಾರ ಮೇಲಿನ ಸಿಟ್ಟೋ. ಎಡಗೈಯಲ್ಲಿ ಕೆನ್ನೆ ಒತ್ತಿ ಹಿಡಿದು, ಬಟ್ಟಲು ಖಾಲಿಯಾಗುವವರೆಗೆ ತಿನ್ನಿಸಿದಳು.

ರಾತ್ರಿಯ ಹೊತ್ತಿಗೆ ಮಗು ಆಸ್ಪತ್ರೆಯಲ್ಲಿ ಬಾಡಿದ ಸೊಪ್ಪಿನ ಹಾಗೆ ಮಲಗಿತ್ತು. ಕೈಗೆ ಡ್ರಿಪ್. ನೀರಜ್ ಮನೆಗೆ ಹೋಗಿ ಮೊಸರಿನ ಡಬ್ಬಿ ತೆಗೆದು ನೋಡಿ ಬಂದಿದ್ದ.

“ಮುಚ್ಚಳ ತೆಗೆದ್ರೆ ಹಾಲ್‌ವರೆಗೂ ನಾತ ಬರ್ತಿದೆ. ಹಸಿರು ಬೂಷ್ಟು. ನಿನಗೆ ಗೊತ್ತಾಗ್ಲಿಲ್ವಾ? ನಿನಗೆ?”

“ನಂಗೆ ವಾಸನೆ ಬರ್ತಿಲ್ಲ ಅಂತ ಹೇಳಿದ್ನಲ್ಲ, ನೀರಜ್.”

“ಬಂದಿಲ್ಲ ಅಂದ್ರೆ ಕಣ್ಣು? ಕಣ್ಣು ಎಲ್ಲಿತ್ತು?” ಅವನು ಹತ್ತಿರ ಬಂದು, ನರ್ಸಿಗೆ ಕೇಳಿಸದಂತೆ ದನಿ ತಗ್ಗಿಸಿದ. “ನಿಜ ಹೇಳು. ಅಲ್ಲಿ ಉಗೀತೀಯಾ, ಇಲ್ಲಾ ನುಂಗ್ತೀಯಾ? ಕುಡಿದಿದ್ಯಾ ಅವತ್ತು?”

ಅವಳು ಉತ್ತರ ಕೊಡುವ ಮೊದಲೇ ಅವನು ಎದ್ದು ಹೋಗಿ ಮಗುವಿನ ಆಚೆ ಬದಿಗೆ ಕುಳಿತ. ಮಗು ಕಣ್ಣು ಬಿಟ್ಟು, ಅಮ್ಮನ ಕೈ ತನ್ನ ಕಡೆ ಬರುತ್ತಿರುವುದನ್ನು ಕಂಡು, ತುಟಿ ಒಳಗೆ ಎಳೆದುಕೊಂಡಿತು.

ರಜೆ ಕೇಳುವಾಗ ಮೈತ್ರೇಯಿ ಮದಾಮ್‌ಗೆ ನಡೆದದ್ದನ್ನು ಹೇಳಬೇಕಾಯಿತು. ಮದಾಮ್ ಮಗುವಿಗೆ ಹೂಗುಚ್ಛ ಕಳಿಸಿದರು. ಮನೆತನದ ವಾರ್ಷಿಕೋತ್ಸವದ ಊಟಕ್ಕೆ ಮಾತ್ರ ತಪ್ಪದೆ ಬರಬೇಕು ಎಂದರು.

ಊಟ ಮಧ್ಯಾಹ್ನ ಇತ್ತು. ಚಿತ್ರಗಳ ಕೋಣೆಯಲ್ಲೇ ಮೇಜು ಹಾಸಿದ್ದರು. ಬ್ಯಾಂಕಿನವರು, ಹೋಟೆಲಿನವರು, ಪತ್ರಿಕೆಯವರು. ಮೊದಲು ಫೋಟೋ. ಲುಸಿಯಾನ್ ಕುರ್ಚಿಯಲ್ಲಿ ಕುಳಿತ. ಮದಾಮ್ ಊರುಗೋಲಿನಿಂದ ಮೈತ್ರೇಯಿಗೆ ಜಾಗ ತೋರಿಸಿದರು. ಹಿಂದೆ, ಸ್ವಲ್ಪ ಎಡಕ್ಕೆ. ಅವಳು ನಿಂತಳು. ಫ್ಲ್ಯಾಶ್ ಬಿತ್ತು.

ಆಮೇಲೆ ಲುಸಿಯಾನ್ ಲೋಟ ಹಿಡಿದು ಎದ್ದ. ಮೂಗನ್ನು ಲೋಟಕ್ಕೆ ಇಳಿಸಿದ. ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದ.

“ಇದರಲ್ಲಿ ಒಂದು ಅಂಗಡಿಯಿದೆ,” ಎಂದ. “ಒಂದು ಗಿರಣಿ. ಹುರಿದ ಬೀಜ ಅದರ ಬಾಯಿಗೆ ಬೀಳುತ್ತಿದೆ.” ಜನ ಮೆಚ್ಚುಗೆಯಿಂದ ಗೊಣಗಿದರು. “ಇನ್ನೂ ಒಳಗೆ ಹೋದರೆ, ಒಂದು ಅಂಗಿ. ತೀರಿಹೋದ ತಂದೆಯದು. ಯಾರೋ ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾರೆ. ಮುಚ್ಚಳ ಸ್ವಲ್ಪವೇ ಸರಿಸುತ್ತಾರೆ. ಚಿಕೋರಿ. ಬೆವರು. ಒಂದೇ ಉಸಿರು.” ಅವನು ಕಣ್ಣು ತೆರೆದು ಮೈತ್ರೇಯಿಯನ್ನು ನೋಡಿದ. “ಎಷ್ಟು ಮಧುರ!”

ಚಪ್ಪಾಳೆ. ಒಬ್ಬಾಕೆ ಕಣ್ಣೊರೆಸಿಕೊಂಡಳು.

ಗೋಡೆಯ ಮೇಲಿನವರೆಲ್ಲ, ನಿಂತವರೆಲ್ಲ, ಬಾಯಿ ಬಿಗಿದುಕೊಂಡು ಮೈತ್ರೇಯಿಯನ್ನೇ ನೋಡುತ್ತಿದ್ದರು. ಅವಳು ಹಿಂದೆ ಸರಿದಳು. ಇನ್ನೂ ಹಿಂದೆ. ದಾಸ್ತಾನಿನ ಭಾರದ ಬಾಗಿಲು ಬೆನ್ನಿಗೆ ತಾಗಿತು. ತಳ್ಳಿ ಒಳಗೆ ಹೋದಳು.

ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗಿನ ದೀಪಗಳು ಜನ ಓಡಾಡಿದರೆ ಹತ್ತುತ್ತವೆ, ನಿಂತರೆ ಆರುತ್ತವೆ. ಅವಳು ನಡೆದಲ್ಲಿ ಒಂದೊಂದೇ ಹತ್ತಿದವು, ಬೆನ್ನ ಹಿಂದೆ ಒಂದೊಂದೇ ಆರಿದವು. ಪೆಟ್ಟಿಗೆಗಳ ಗೋಡೆ. ಇನ್ನೊಂದು ಗೋಡೆ. ಕೊನೆಯಲ್ಲಿ ಕಬ್ಬಿಣದ ಕಪಾಟು. ಬೀಗವಿರಲಿಲ್ಲ.

ಒಳಗೆ ಸಣ್ಣ ಬಾಟಲಿಗಳ ಸಾಲು. ಪ್ರತಿಯೊಂದರ ಕೊರಳಿಗೂ ಕಪ್ಪು ದಾರ. ಬಾಯಿಗೆ ಅರಗು. ಒಳಗಿನ ಕಪ್ಪು ದ್ರವದಲ್ಲಿ ಒಂದು ಮರದ ಚೂರು ತೇಲುತ್ತಿತ್ತು. ನಾಲಿಗೆಯ ಆಕಾರ ಕೆತ್ತಿದ್ದು. ಅವಳು ಸಾಲಿನ ತುದಿಗೆ ಕೈ ಚಾಚಿದಳು. ಕೊನೆಯಿಂದ ಎರಡನೆಯದರ ಅರಗು ಒಡೆದಿತ್ತು, ಬಾಟಲಿ ಬರಿದಾಗಿತ್ತು. ಕೊನೆಯದರ ಅರಗು ಹೊಸದು. ಉಗುರು ಊರಿದರೆ ಒಳಗಿಳಿಯಿತು.

ದೀಪ ಆರಿತು.

ಕೈ ಬೀಸಿದಳು. ಹತ್ತಲಿಲ್ಲ. ಕತ್ತಲೆ. ಯಂತ್ರದ ಸದ್ದು. ಅದರ ಹಿಂದೆ ಇನ್ನೊಂದು ಸದ್ದು. ಚಪ್. ಚಪ್. ಚಪ್ಪರಿಸುವ ಸದ್ದು. ಒಂದಲ್ಲ, ಹಲವು. ಸಾಲಿನುದ್ದಕ್ಕೂ. ಅವಳ ಅಂಗೈಯೊಳಗೂ. ಬಾಟಲಿ ಬೆಚ್ಚಗಿತ್ತು. ಗಾಜಿನಾಚೆ ಏನೋ ಹೊರಳಿತು. ನನ್ನದು. ನನ್ನದು ಇದು. ವಾಪಸ್ ತಗೊಳ್ತೀನಿ. ಅರಗು ಕಿತ್ತಳು. ದಾರ ಹಲ್ಲಿನಿಂದ ಹರಿದಳು. ಬಾಯಿಗಿಟ್ಟಳು. ಸುರಿದುಕೊಂಡಳು. ಬೆಚ್ಚಗೆ. ಲೋಳೆ ಲೋಳೆ. ತನ್ನದೇ ಎಂಜಲು. ಮರದ ಚೂರು ನಾಲಿಗೆಗೆ ತಾಗಿತು. ಅಂಟಿಕೊಂಡಿತು. ಉಗಿಯಲು ಹೋದಳು. ಬರಲಿಲ್ಲ. ಅದೇ ಜಾರಿತು. ಗಂಟಲಿಗೆ. ಕೆಳಗೆ. ಇನ್ನೂ ಕೆಳಗೆ. ನುಂಗಿದಳು.

ಚಪ್ಪರಿಸುವ ಸದ್ದು ನಿಂತಿತು.

ಬಾಗಿಲು ತೆರೆದುಕೊಂಡು ದೀಪಗಳು ಹತ್ತಿದವು. ದ್ವಾರಕನಾಥ ಸಾಲಿನ ಆಚೆ ತುದಿಯಲ್ಲಿ ನಿಂತಿದ್ದರು.

“ಕುಡಿದುಬಿಟ್ಟಿಯಾ?” ಎಂದರು. “ನಾನೂ ಕುಡಿದಿದ್ದೆ. ವಾಪಸ್ ಬರ್ತದೆ ಅಂತ.”

“ಬರಲ್ವಾ?”

“ಮೊದಲು ರುಚಿ ಮಾತ್ರ ಹೋಗ್ತದೆ. ಕುಡಿದ ಮೇಲೆ ರುಚಿಯ ನೆನಪೂ ಹೋಗ್ತದೆ.”

ಮೈತ್ರೇಯಿ ಅಪ್ಪನ ಅಂಗಿಯನ್ನು ನೆನೆದಳು. ನೀಲಿ ಬಣ್ಣ ಕಂಡಿತು. ಗುಂಡಿ ಕಂಡಿತು. ಅದನ್ನು ಮೂಗಿಗೆ ಯಾಕೆ ಹಿಡಿಯುತ್ತಿದ್ದೆ ಎಂಬುದು ತಿಳಿಯಲಿಲ್ಲ.

“ಇದನ್ನ ಯಾಕೆ ಹೇಳ್ಲಿಲ್ಲ ನೀವು?” ಅವಳ ದನಿ ಕೀಚಲಾಯಿತು. “ಯಾಕೆ ಹೇಳ್ಲಿಲ್ಲ?”

“ಇದನ್ನು ಹೇಳ್ಬೇಕು ಅಂತ ಇಲ್ಲ. ಮೊದಲನೆಯದು ಮಾತ್ರ ಹೇಳಲೇಬೇಕು.” ಅವರು ಹತ್ತಿರ ಬರಲಿಲ್ಲ. “ಹೇಳದೆ ತಗೊಂಡ್ರೆ ಮಾಟ ಹಿಡಿಯೂದಿಲ್ಲ ಮಾರಾಯ್ತಿ. ಹಿಂದೆ ಕಳಕೊಂಡವನೇ ಎದುರು ನಿಂತು ಹೇಳ್ಬೇಕು. ಕೇಳಿದವಳು ನಕ್ಕು, ತಾನಾಗಿ ಕೊಡ್ಬೇಕು. ನೀನು ನಕ್ಕೆ.”

ಅವಳಿಗೆ ಆ ದಿನ ಅವರು ಬಿಟ್ಟ ಉದ್ದನೆಯ ಉಸಿರು ನೆನಪಾಯಿತು.

“ನಗದೆ ಇದ್ದಿದ್ರೆ?”

“ನಾನು ರುಚಿಯಿಲ್ಲದೆಯೇ ಸಾಯ್ತಿದ್ದೆ. ಇನ್ನೊಬ್ಬರು ಕೊಟ್ಟ ಮೇಲೆಯೇ ಹಿಂದಿನವನಿಗೆ ಅವನದ್ದು ವಾಪಸ್ ಬರೂದು.” ಅವರು ಬೆರಳಿನಿಂದ ಕೆನ್ನೆ ಸವರಿ, ಬೆರಳನ್ನು ಬಾಯಿಗಿಟ್ಟುಕೊಂಡರು. ಮಕ್ಕಳ ಹಾಗೆ ಚೀಪಿದರು. “ಉಪ್ಪು,” ಎಂದರು. “ಕಣ್ಣೀರು ಉಪ್ಪುಂಟು. ಮರೆತೇ ಹೋಗಿತ್ತು ನನಗೆ. ನಾನು ಸುಳ್ಳು ಹೇಳಲಿಲ್ಲ, ಮೈತ್ರೇಯಿ. ಒಂದೇ ಒಂದು ಸುಳ್ಳು ಹೇಳಲಿಲ್ಲ.”

ಅವಳು ಅವರ ಮೇಲೆ ಎರಗಿದಳು. ಅಂಗಿ ಹಿಡಿದು ಜಗ್ಗಿದಳು. ಅವರು ಸುಮ್ಮನೆ ಜಗ್ಗಿಸಿಕೊಂಡರು. ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗಿ ಸರಿಪಡಿಸಿಕೊಂಡು, ಊಟ ಹಾಕಿದ್ದ ಕೋಣೆಯ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದರು. ಅವರಿಗೆ ಹಸಿವಾಗಿತ್ತು.

ಬಾಗಿಲಲ್ಲಿ ಮದಾಮ್ ಒಡೆಟ್ ಕಾಯುತ್ತಿದ್ದರು.

“ಕೆಲಸದ ಚಿಂತೆ ಬೇಡ,” ಎಂದರು ಮೆಲ್ಲಗೆ. “ನಾವು ಯಾರನ್ನೂ ಕೈಬಿಡುವುದಿಲ್ಲ. ಲುಸಿಯಾನ್ ಮದುವೆಯಾಗುತ್ತಾನೆ. ಅವನಿಗೂ ಮಗ ಹುಟ್ಟುತ್ತಾನೆ, ಬೆಳೆಯುತ್ತಾನೆ. ಆಗ ಹೇಳುವವರೊಬ್ಬರು ಬೇಕಾಗುತ್ತದೆ.” ಅವರು ಮೈತ್ರೇಯಿಯ ಗಲ್ಲಕ್ಕೆ ಅಂಟಿದ್ದ ಅರಗನ್ನು ಉಗುರಿನಿಂದ ಕೆರೆದು ತೆಗೆದರು. “ನಿನ್ನ ಮಗಳು ಕೆಟ್ಟ ಮೊಸರನ್ನು ವಾಸನೆಯಲ್ಲೇ ಹಿಡಿದಳಂತಲ್ಲ. ಎಂಥ ಮೂಗು!”

ಮೈತ್ರೇಯಿ ಮನೆಯವರೆಗೆ ನಡೆದೇ ಹೋದಳು. ಈ ಊರು ಬಿಟ್ಟುಬಿಡಬೇಕು, ಮಗುವನ್ನು ಎತ್ತಿಕೊಂಡು ನಾಳೆಯೇ ಹೊರಡಬೇಕು ಎಂದುಕೊಂಡಳು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡಳು. ಆದರೆ ಬೆಡೋಕ್ ಮಾರ್ಕೆಟ್ಟಿನ ಮುಂದೆ, ಹಣ್ಣಿನಂಗಡಿಯವನು ಹಲಸಿನ ತೊಳೆ ಬಿಡಿಸುತ್ತಿರುವಾಗ, ಹೋಗುವವರೆಲ್ಲ ಮೂಗರಳಿಸಿ ನಿಲ್ಲುತ್ತಿರುವಾಗ, ಅವಳ ತಲೆಯೊಳಗೆ ಬೇರೆಯೇ ಒಂದು ಯೋಚನೆ ಓಡಿತು. ರಿಷಿಕಾ ಬೆಳೆದು ದೊಡ್ಡವಳಾದ ಮೇಲೆ, ಅಮ್ಮ ಮಾಟದ ವಿಷಯ ಹೇಳಿದರೆ, ನಗುವ ಜಾತಿಯ ಹುಡುಗಿಯಾಗಿರುತ್ತಾಳೆಯೇ?

ತಾನು ಅದನ್ನು ಯೋಚಿಸಿದೆ ಎಂದು ತಿಳಿದಾಗ ಅವಳು ಅಲ್ಲೇ ಚರಂಡಿಯ ಅಂಚಿನಲ್ಲಿ ಕುಳಿತು ವಾಂತಿ ಮಾಡಿದಳು. ಅದಕ್ಕೂ ರುಚಿಯಿರಲಿಲ್ಲ.

ಭಾನುವಾರ ಅವಳು ಸಾರು ಮಾಡಿದಳು. ಬೇಳೆ, ಹುಣಿಸೆಹಣ್ಣು, ಪುಡಿ, ಬೆಲ್ಲ. ಕೈ ತಾನಾಗಿ ಹಾಕುತ್ತಿತ್ತು. ಉಪ್ಪಿನ ಡಬ್ಬಿಗೆ ಬಂದಾಗ ಕೈ ನಿಂತಿತು. ಒಂದು ಚಮಚ ಹಾಕಿದಳು. ಹಾಕಿದೆನೋ ಇಲ್ಲವೋ ಎನ್ನಿಸಿತು. ಇನ್ನೊಂದು ಹಾಕಿದಳು. ಉಪ್ಪು ಎಂದರೆ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಲು ಒಲೆಯ ಮುಂದೆ ಬಹಳ ಹೊತ್ತು ನಿಂತಳು. ಬೆಳ್ಳಗಿರುತ್ತದೆ. ಅಷ್ಟೇ ಗೊತ್ತಿತ್ತು.

ಮೇಜಿನ ಮೇಲೆ ಪಾತ್ರೆ ತಂದಿಟ್ಟಳು. ನೀರಜ್ ಕೆಳಗಿನಿಂದ ತನಗೂ ಮಗುವಿಗೂ ಡಬ್ಬಿ ಊಟ ತರಿಸಿದ್ದ. ಮುಚ್ಚಳ ತೆಗೆದು, ಮೂಸಿ ನೋಡಿ, ಮಗುವಿನ ಮುಂದೆ ಇಟ್ಟ. ರಿಷಿಕಾ ಕುರ್ಚಿಯನ್ನು ಅಪ್ಪನ ಕಡೆಗೆ ಎಳೆದುಕೊಂಡಿತ್ತು. ಅಮ್ಮ ಸೌಟು ಎತ್ತಿದ್ದನ್ನು ಕಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ನೀರಜ್ ಫೋನಿನಿಂದ ಕಣ್ಣು ಎತ್ತಲಿಲ್ಲ. ಸಾರಿನ ಆವಿ ಮೂವರ ನಡುವೆ ಏಳುತ್ತಿತ್ತು.

“ಉಪ್ಪು ಸರಿಯಾಗಿದ್ಯಾ,” ಎಂದಳು ಮೈತ್ರೇಯಿ, “ಯಾರಾದ್ರೂ ಒಂಚೂರು ನೋಡಿ ಹೇಳ್ತೀರಾ?”